ಸೀಮೆ ಅಡುಗೆ, ನಮ್ಮ ಒಲೆ

ಕಳೆದ ವರ್ಷ ಬೆಂಗಳೂರಿನಲ್ಲಿ ಇಟಲಿಯ ಅಡುಗೆ ಕಲಿಸುವ ಎರಡು ದಿನದ ತರಗತಿಗೆ ಹೋಗಿದ್ದೆ. ಎರಡನೆಯ ದಿನ ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬರು ಮನೆಯಲ್ಲಿ ತಾವೇ ಮಾಡಿದ ಪೆಸ್ಟೊವನ್ನು ಸ್ಟೀಲ್ ಡಬ್ಬಿಯಲ್ಲಿ ತಂದಿದ್ದರು. ಹಿತ್ತಲಲ್ಲಿ ಬೆಳೆದ ಕಾಮಕಸ್ತೂರಿ ಎಲೆ, ಒಂದು ಹಿಡಿ ಗೋಡಂಬಿ, ಬೆಳ್ಳುಳ್ಳಿ, ಉಪ್ಪು, ಕಡಲೆಕಾಯಿ ಎಣ್ಣೆ. ಮಿಕ್ಸಿಗೆ ಹಾಕದೆ ಒರಳಲ್ಲಿ ಕುಟ್ಟಿದ್ದು. ಕಲಿಸುತ್ತಿದ್ದವರು ಚಮಚದ ತುದಿಯಲ್ಲಿ ಒಂದಿಷ್ಟು ರುಚಿ ನೋಡಿ, "ಮೇಡಂ, ಇದು ಚಟ್ನಿ. ದಯವಿಟ್ಟು ಪೆಸ್ಟೊ ಅನ್ನಬೇಡಿ" ಎಂದರು. ಆಕೆ "ಆಯ್ತು ಸರ್" ಎಂದು ಮುಚ್ಚಳ ಹಾಕಿದರು. ಮಧ್ಯಾಹ್ನದ ಊಟಕ್ಕೂ ಆ ಡಬ್ಬಿ ಹೊರಗೆ ಬರಲಿಲ್ಲ.

ಚಟ್ನಿ ಎಂಬುದು ಯಾವಾಗಿನಿಂದ ಬೈಗುಳವಾಯಿತು ಎಂಬ ಸಿಟ್ಟು ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕೆಣಕಿದ್ದು ಆ ಮಾತಿನ ಬೆನ್ನಿಗಿದ್ದ ನಂಬಿಕೆ. ಅದು ಆ ಒಬ್ಬರ ನಂಬಿಕೆಯೇನಲ್ಲ. ಪತ್ರಿಕೆಗಳ ಪುರವಣಿಯಲ್ಲಿ, ಅಡುಗೆಯ ವಿಡಿಯೊಗಳಲ್ಲಿ, ವಿದೇಶ ಸುತ್ತಿ ಬಂದ ನೆಂಟರ ಬಾಯಲ್ಲಿ ಈಗ ಎಲ್ಲ ಕಡೆ ಕೇಳುವ ಮಾತು ಇದು: ಬೇರೆ ದೇಶದ ಅಡುಗೆ ಮಾಡುವುದಾದರೆ ಅಸಲಿಯಾಗಿ ಮಾಡಬೇಕು, ಅಲ್ಲಿನದೇ ಸಾಮಾನು ತರಿಸಬೇಕು, ಆಗದಿದ್ದರೆ ಅದರ ಗೊಡವೆಗೆ ಹೋಗಬಾರದು. ಕೇಳಲು ಇದು ವಿನಯದ ಮಾತಿನಂತೆ, ಪರರ ಸಂಸ್ಕೃತಿಗೆ ತೋರುವ ಗೌರವದಂತೆ ಕಾಣುತ್ತದೆ. ಆದರೆ ಚರಿತ್ರೆಯನ್ನು ತೆರೆದು ನೋಡಿದರೆ ಇದು ಸುಳ್ಳು. ಮನೆಯಲ್ಲಿ ಅಡುಗೆ ಮಾಡುವವರ ಪಾಲಿಗೆ ಅನ್ಯಾಯ. ಇದರಿಂದ ಅಡುಗೆಯ ರುಚಿ ಹೆಚ್ಚುವುದೂ ಇಲ್ಲ.

ಆ ಡಬ್ಬಿಯಿಂದಲೇ ಶುರು ಮಾಡುತ್ತೇನೆ. ಪೆಸ್ಟೊ ಇಟಲಿಯ ಲಿಗೂರಿಯ ಕರಾವಳಿಯದು, ಅದರ ಬಂದರು ನಗರ ಜೆನೋವಾದ್ದು. ಆ ಹೆಸರಿಗೆ ಇಟಾಲಿಯನ್ ಭಾಷೆಯಲ್ಲಿ ಕುಟ್ಟಿದ್ದು ಎಂದೇ ಅರ್ಥ. 1863ರಲ್ಲಿ ಜೊವಾನ್ನಿ ಬತ್ತಿಸ್ತಾ ರಾತ್ತೊ ಜೆನೋವಾದ ಅಡುಗೆಯ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಅದರಲ್ಲಿ ಪೆಸ್ಟೊ ಮಾಡುವ ಕ್ರಮವಿದೆ. ಬೇಸಿಲ್ ಸೊಪ್ಪು ಸಿಗದಿದ್ದರೆ ಮಾರ್ಜೊರಾಮ್ ಮತ್ತು ಪಾರ್ಸ್ಲಿ ಸೊಪ್ಪು ಹಾಕಿ ಎಂದು ಅವರೇ ಹೇಳುತ್ತಾರೆ. ಚೀಸ್ ಬಗ್ಗೆ ಬರೆಯುವಾಗ ಪಾರ್ಮೆಸಾನ್ ಜೊತೆಗೆ ಹಾಲೆಂಡಿನ ಚೀಸನ್ನೂ ಸೇರಿಸುತ್ತಾರೆ. ಕುಟ್ಟುವಾಗ ಒಂದಿಷ್ಟು ಬೆಣ್ಣೆ ಹಾಕುತ್ತಾರೆ. ಜೆನೋವಾದವರು ಹಡಗಿನ ಜನ. ಡಚ್ ಚೀಸ್ ಅವರ ಬಂದರಿಗೆ ಬರುತ್ತಿತ್ತು, ಒರಳಿಗೂ ಬಂತು. ಅಂದರೆ ಅಚ್ಚಾದ ಹಳೆಯ ಪೆಸ್ಟೊ ಪಾಠದಲ್ಲೇ ಪರದೇಶದ ಸಾಮಾನಿದೆ, ಸಿಗದಿದ್ದರೆ ಇದನ್ನು ಹಾಕಿ ಎಂಬ ಮಾತೂ ಇದೆ.

ಪೆಸ್ಟೊ ಅಲ್ಲಿಂದ ಮುಂದಕ್ಕೆ ಹೋದದ್ದನ್ನೂ ನೋಡಿ. ಫ್ರಾನ್ಸಿನ ಪ್ರೊವಾನ್ಸ್ ಸೀಮೆಯಲ್ಲಿ ಅದು ಪಿಸ್ತು ಆಯಿತು. ಜೆನೋವಾದವರು ಪೆಸ್ಟೊಗೆ ಹಾಕುವ ಪೈನ್ ಬೀಜ ಅದರಲ್ಲಿ ಇಲ್ಲವೇ ಇಲ್ಲ, ಚೀಸ್ ಹಾಕುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ಸಿಸಿಲಿಯ ಟ್ರಾಪಾನಿಯಲ್ಲಿ ಬಾದಾಮಿ ಮತ್ತು ಟೊಮೆಟೊ ಸೇರಿ ಅದು ಕೆಂಪಗಾಯಿತು. ಇವತ್ತು ಇಟಲಿಯ ಅಂಗಡಿಗಳಲ್ಲೇ ಬಾಟಲಿಯಲ್ಲಿ ಮಾರುವ ಎಷ್ಟೋ ಪೆಸ್ಟೊಗಳಲ್ಲಿ ಗೋಡಂಬಿ ಇರುತ್ತದೆ. ಇನ್ನು ಆ ಹೆಂಗಸಿನ ಹಿತ್ತಲಿನ ಕಾಮಕಸ್ತೂರಿ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದು ಮತ್ತು ಜೆನೋವಾದ ಬೇಸಿಲ್ ಒಂದೇ ಜಾತಿ, ಆಸಿಮಮ್ ಬೆಸಿಲಿಕಮ್. ತಳಿ ಬೇರೆ, ಘಾಟು ಸ್ವಲ್ಪ ಬೇರೆ. ನಾವು ಅದರ ಬೀಜವನ್ನು ಪಾನಕದಲ್ಲಿ ನೆನೆಹಾಕಿ ಕುಡಿದು ಎಲೆಯನ್ನು ಮುಡಿದೆವು. ಅವರು ಎಲೆಯನ್ನು ತಿಂದರು. ಆಕೆ ಮಾಡಿದ್ದು ಇಷ್ಟೆ: ಇಲ್ಲಿದ್ದ ಎಲೆಯನ್ನು ಅಲ್ಲಿನವರಂತೆ ತಿನ್ನಲು ನೋಡಿದರು. ಜೆನೋವಾದ ಅಜ್ಜಿಯೊಬ್ಬಳು ಬೆಂಗಳೂರಲ್ಲಿ ಹುಟ್ಟಿದ್ದರೆ ಅವಳೂ ಇದನ್ನೇ ಮಾಡುತ್ತಿದ್ದಳು.

ಪೆಸ್ಟೊ ಒಂದನ್ನೇ ಹಿಡಿದು ವಾದಿಸುತ್ತಿದ್ದೇನೆ ಎನ್ನುವವರು ರೋಮಿನ ಪಾಸ್ತಾ ತಿನಿಸಾದ ಕಾರ್ಬೊನಾರಾವನ್ನು ನೋಡಲಿ. ಮೊಟ್ಟೆ, ಪೆಕೊರೀನೊ ಚೀಸ್, ಹಂದಿಯ ಕೆನ್ನೆಯ ಮಾಂಸ, ಕರಿಮೆಣಸು. ಬೆಳ್ಳುಳ್ಳಿ ಹಾಕಿದರೆ ಮಹಾಪರಾಧ, ಬೇರೆ ಚೀಸ್ ಹಾಕಿದರೆ ಇನ್ನೂ ದೊಡ್ಡದು. ಈ ಬಗ್ಗೆ ಜಗತ್ತಿನಾದ್ಯಂತ ಜಗಳ ನಡೆಯುತ್ತದೆ. ಆದರೆ ಎರಡನೇ ಮಹಾಯುದ್ಧಕ್ಕೆ ಮುಂಚಿನ ಇಟಲಿಯ ಅಡುಗೆ ಪುಸ್ತಕಗಳಲ್ಲಿ ಈ ಹೆಸರಿನ ತಿನಿಸು ಸಿಗುವುದಿಲ್ಲ. 1944ರಲ್ಲಿ ರೋಮಿಗೆ ಬಂದ ಅಮೆರಿಕನ್ ಸೈನ್ಯದ ಬೇಕನ್ ಮತ್ತು ಮೊಟ್ಟೆಪುಡಿಯಿಂದ ಇದು ಹುಟ್ಟಿತೆಂದು ಹೇಳುವ ಚರಿತ್ರಕಾರರು ಇಟಲಿಯಲ್ಲೇ ಇದ್ದಾರೆ. 1954ರಲ್ಲಿ 'ಲಾ ಕುಚೀನಾ ಇಟಾಲಿಯಾನಾ' ಎಂಬ ಇಟಲಿಯ ಹೆಸರಾಂತ ಅಡುಗೆ ಪತ್ರಿಕೆ ಕಾರ್ಬೊನಾರಾ ಮಾಡುವ ಕ್ರಮವನ್ನು ಪ್ರಕಟಿಸಿದಾಗ ಅದರಲ್ಲಿ ಬೆಳ್ಳುಳ್ಳಿ ಇತ್ತು, ಸ್ವಿಟ್ಜರ್ಲೆಂಡಿನ ಗ್ರುಯೇರ್ ಚೀಸ್ ಇತ್ತು. ಇವತ್ತಿನ ಕಟ್ಟಳೆಯೆಲ್ಲ ಆಮೇಲಿನದು. ಮತ್ತೆ ಆ ಕರಿಮೆಣಸು! ಅದು ನಮ್ಮ ಪಶ್ಚಿಮ ಘಟ್ಟದ ಬಳ್ಳಿಯ ಕಾಳು. ನಮ್ಮ ಮೆಣಸು ಹಾಕಿದ್ದರಿಂದ ರೋಮಿನ ಊಟ ನಕಲಿಯಾಯಿತು ಎಂದು ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ.

ಗ್ರೀಸಿನ ಮೂಸಾಕಾ ಇನ್ನೂ ಸ್ಪಷ್ಟ ಸಾಕ್ಷಿ. ಬದನೆಕಾಯಿಯ ಮೇಲೆ ದಪ್ಪಗೆ ಬಿಳಿ ಸಾಸ್ ಸುರಿದು ಒಲೆಯಲ್ಲಿ ಬೇಯಿಸುವುದು. ಆ ಬಿಳಿ ಸಾಸ್ ಇಲ್ಲದಿದ್ದರೆ ಅಸಲಿ ಅಲ್ಲ ಎನ್ನುತ್ತಾರೆ. ಅದನ್ನು ಸೇರಿಸಿದವರು 1920ರ ದಶಕದಲ್ಲಿ ನಿಕೊಲಾಸ್ ತ್ಸೆಲೆಮೆಂತೆಸ್ ಎಂಬ ಬಾಣಸಿಗ. ತುರ್ಕರ ಪ್ರಭಾವದಿಂದ ಗ್ರೀಕ್ ಅಡುಗೆ ಕೆಟ್ಟಿದೆ, ಅದನ್ನು ಶುದ್ಧಗೊಳಿಸಬೇಕು ಎಂಬುದು ಅವರ ಹಟ. ಶುದ್ಧಗೊಳಿಸಲು ಹೊರಟವರು ತಂದು ಹಾಕಿದ್ದು ಫ್ರೆಂಚರ ಬೆಶಮೆಲ್ ಸಾಸನ್ನು. ಜಪಾನಿನ ಟೆಂಪುರಾ 16ನೇ ಶತಮಾನದಲ್ಲಿ ಅಲ್ಲಿಗೆ ಹೋದ ಪೋರ್ಚುಗೀಸರ ಬಳುವಳಿ. ಕೊರಿಯಾದ ಕಿಮ್ಚಿಗೆ ಕೆಂಪು ಬಂದದ್ದು ಅಮೆರಿಕದ ಮೆಣಸಿನಕಾಯಿ ಆ ದೇಶ ಮುಟ್ಟಿದ ಮೇಲೆ. ಅದಕ್ಕೆ ಮೊದಲು ಕಿಮ್ಚಿ ಇತ್ತು, ಕೆಂಪು ಇರಲಿಲ್ಲ.

ನಮ್ಮ ಅಡುಗೆಮನೆಗೆ ಬರೋಣ. ಇಲ್ಲಿ ನಾವು ಒಂದು ಸೊಗಸಾದ ಕ್ರಮವನ್ನು ಕಂಡುಕೊಂಡಿದ್ದೆವು, ಅದನ್ನು ಈಗ ಮರೆಯುತ್ತಿದ್ದೇವೆ ಎಂಬುದೇ ನನ್ನ ನೋವು. ಸೀಮೆಬದನೆಕಾಯಿ ಎನ್ನುತ್ತೇವೆ. ಮೆಕ್ಸಿಕೊ ಕಡೆಯ ಬಳ್ಳಿ ಅದು. ಸೀಮೆಯಿಂದ, ಅಂದರೆ ಹೊರನಾಡಿನಿಂದ ಬಂದದ್ದು ಎಂದು ಹೆಸರಲ್ಲೇ ಬರೆದಿಟ್ಟೆವು. ಬರೆದಿಟ್ಟು, ಹೆಚ್ಚಿ ಹುಳಿಗೆ ಹಾಕಿದೆವು. ಕರಾವಳಿಯವರು ಆಲೂಗಡ್ಡೆಗೆ ಪೋರ್ಚುಗೀಸರ ಮಾತಿನಲ್ಲೇ ಬಟಾಟೆ ಎಂದರು, ಎಂದು ಸಾಸಿವೆ ಒಗ್ಗರಣೆ ಕೊಟ್ಟರು. ಮೂಲ ಎಲ್ಲಿಯದೆಂದು ಮರೆಯಲಿಲ್ಲ, ಹಾಗೆಂದು ಹೊಸಿಲಾಚೆ ನಿಲ್ಲಿಸಲೂ ಇಲ್ಲ.

ನಮ್ಮ ತಾಯಿಯ ಮನೆಯಲ್ಲಿ ತಿಥಿಯ ದಿನ ಈ ನೆನಪು ಕಣ್ಣಿಗೆ ಕಾಣುತ್ತಿತ್ತು. ಅಂದು ಆಲೂಗಡ್ಡೆ ಇಲ್ಲ, ಟೊಮೆಟೊ ಇಲ್ಲ, ಎಲೆಕೋಸು ಇಲ್ಲ, ಮೆಣಸಿನಕಾಯಿಯೂ ಇಲ್ಲ. ಖಾರಕ್ಕೆ ಕರಿಮೆಣಸು, ಪಲ್ಯಕ್ಕೆ ಬಾಳೆಕಾಯಿ, ಹಾಗಲಕಾಯಿ. ಈಗಲೂ ಎಷ್ಟೋ ಮನೆಗಳಲ್ಲಿ ಹೀಗೇ ನಡೆಯುತ್ತದೆ. ವರ್ಷಕ್ಕೊಂದು ದಿನ ಅಡುಗೆಮನೆ ಐನೂರು ವರ್ಷ ಹಿಂದಕ್ಕೆ ಹೋಗಿ ಬರುತ್ತದೆ. ಮಾರನೆಯ ದಿನ ಅದೇ ಅಮ್ಮ ಬ್ಯಾಡಗಿ ಮೆಣಸಿನಕಾಯಿ ಹುರಿದು ಸಾರಿನಪುಡಿ ಮಾಡುತ್ತಿದ್ದರು. ಯಾವುದು ಹೊರಗಿನದೆಂಬ ತಿಳಿವಳಿಕೆ ಅವರಿಗೆ ನಮಗಿಂತ ಚೆನ್ನಾಗಿತ್ತು. ಆ ತಿಳಿವಳಿಕೆಯಿಂದ ಅವರು ಯಾರ ಕೈಯಿಂದಲೂ ಸೌಟು ಕಿತ್ತುಕೊಳ್ಳಲಿಲ್ಲ.

ಇಷ್ಟಕ್ಕೂ ನಮ್ಮದು ಎಂದು ಎದೆ ತಟ್ಟಿ ಹೇಳುವ ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂತು. ಇವತ್ತಿಗೂ ಉಗಾಂಡದ ಪಶ್ಚಿಮ ಭಾಗದ ಜನ ರಾಗಿಹಿಟ್ಟನ್ನು ಕುದಿನೀರಿಗೆ ಹಾಕಿ ತಿರುವಿ ಕಾಲೊ ಎಂಬ ಮುದ್ದೆ ಮಾಡುತ್ತಾರೆ, ಕೈಯಲ್ಲಿ ಮುರಿದು ಸಾರಿಗೆ ಅದ್ದಿ ತಿನ್ನುತ್ತಾರೆ. ನಮ್ಮ ಸಾರಿಗೆ ಘಮ ಕೊಡುವ ಇಂಗು ಇರಾನ್, ಆಫ್ಘಾನಿಸ್ತಾನಗಳ ಗಿಡದ ಅಂಟು. ಆ ಗಿಡವನ್ನು ಭಾರತದಲ್ಲಿ ಬೆಳೆಯಲು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ವಿಜ್ಞಾನಿಗಳು ಸಸಿ ನೆಟ್ಟದ್ದೇ 2020ರ ಅಕ್ಟೋಬರಿನಲ್ಲಿ. ಕೊನೆಗೆ, ಈ ಎಲ್ಲ ತಕರಾರಿಗೆ ಕಾರಣವಾದ 'ಅಸಲಿ' ಎಂಬ ಪದವೇ ಅರಬ್ಬಿಯಿಂದ ಬಂದದ್ದು.

ಹೊರದೇಶಕ್ಕೆ ಹೋದ ಕನ್ನಡಿಗರ ವಿಷಯದಲ್ಲಿ ನಾವು ಬೇರೆಯದೇ ತಕ್ಕಡಿ ಹಿಡಿಯುತ್ತೇವೆ. ಅಮೆರಿಕಕ್ಕೆ ಮೊದಮೊದಲು ಹೋದವರಿಗೆ ಅಲ್ಲಿ ರವೆ ಸಿಗುತ್ತಿರಲಿಲ್ಲ. ಬೆಳಗಿನ ಗಂಜಿಗೆಂದು ಅಲ್ಲಿನವರು ಕೊಳ್ಳುವ ಕ್ರೀಮ್ ಆಫ್ ವೀಟ್ ಡಬ್ಬಿಯನ್ನು ತಂದು ಹುರಿದು ಉಪ್ಪಿಟ್ಟು ಮಾಡಿಕೊಂಡರು. ಅವರ ಜಾಣತನವನ್ನು ನಾವು ಹೊಗಳುತ್ತೇವೆ, ತವರಿನ ರುಚಿ ಉಳಿಸಿಕೊಂಡರು ಎಂದು ಕಣ್ಣು ಒದ್ದೆ ಮಾಡಿಕೊಳ್ಳುತ್ತೇವೆ. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಅಭಾವವಾದಾಗ ರವೆ ಇಡ್ಲಿ ಹುಟ್ಟಿತು ಎಂದು ಎಂಟಿಆರ್‌ನವರು ಹೇಳುತ್ತಾರೆ. ಆ ರವೆ ಇಡ್ಲಿಯನ್ನು ಇವತ್ತು ಯಾರೂ ನಕಲಿ ಇಡ್ಲಿ ಎನ್ನುವುದಿಲ್ಲ. ಅದು ಬೆಂಗಳೂರಿನ ಹೆಮ್ಮೆ. ಹಾಗಾದರೆ ಪೈನ್ ಬೀಜ ಸಿಗದ ಊರಿನಲ್ಲಿ ಗೋಡಂಬಿ ಕುಟ್ಟಿದ ಹೆಂಗಸು ಮಾಡಿದ ತಪ್ಪೇನು? ಇಲ್ಲದ್ದರ ಜಾಗದಲ್ಲಿ ಇರುವುದನ್ನು ಇಡುವ ಬುದ್ಧಿ ಕ್ಯಾಲಿಫೋರ್ನಿಯಾದಲ್ಲಾದರೆ ಮೆಚ್ಚುಗೆಗೆ ಪಾತ್ರ, ಬಸವನಗುಡಿಯಲ್ಲಾದರೆ ಅವಮಾನಕ್ಕೆ ಪಾತ್ರ ಎಂಬುದನ್ನು ನಾನು ಒಪ್ಪಲಾರೆ.

ಎದುರು ವಾದದಲ್ಲಿ ತಿರುಳಿರುವ ಭಾಗವೂ ಉಂಟು, ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗುವುದು ಸರಿಯಲ್ಲ. ಹೆಸರಿಗೆ ಬೆಲೆ ಬೇಡವೇ, ಏನು ಬೇಕಾದರೂ ಮಾಡಿ ಯಾವ ಹೆಸರು ಬೇಕಾದರೂ ಇಡಬಹುದೇ ಎಂದು ಕೇಳುತ್ತಾರೆ. ಗೋಬಿ ಮಂಚೂರಿಯನ್ನು ತೋರಿಸುತ್ತಾರೆ. ಚೀನಾದ ಮಂಚೂರಿಯಾಕ್ಕೂ ಅದಕ್ಕೂ ಸಂಬಂಧವಿಲ್ಲ ಎನ್ನುವುದು ನಿಜ. 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡುಗೆಮನೆಯಲ್ಲಿ, ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಮನೆತನದ ನೆಲ್ಸನ್ ವಾಂಗ್ ಕೋಳಿಯಲ್ಲಿ ಮಾಡಿದ ತಿನಿಸು ಅದರ ಮೂಲ. ಆಮೇಲೆ ಕೋಳಿಯ ಜಾಗಕ್ಕೆ ಹೂಕೋಸು ಬಂತು. ಭಾರತದಲ್ಲಿ ನೆಲೆಸಿದ ಚೀನೀಯರ ಅಡುಗೆ ಎಂದು ಅದನ್ನು ಕರೆದರೆ ಅದಕ್ಕೊಂದು ಪ್ರಾಮಾಣಿಕ ಚರಿತ್ರೆ ಇದೆ. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ತಪಾಸಣೆಯಲ್ಲಿ ಸಿಕ್ಕ ಬಣ್ಣಗಳಲ್ಲಿ ಬಟ್ಟೆಗೆ ಬಳಸುವ ರೋಡಮಿನ್-ಬಿ ಕೂಡ ಇತ್ತು. ಆ ತಟ್ಟೆಯ ದೋಷ ಇದ್ದದ್ದು ಇಲ್ಲಿ. ಚೀನಾದಲ್ಲಿ ಇದು ಸಿಗುವುದಿಲ್ಲ ಎಂಬ ದೂರಿನಿಂದ ಯಾರ ಹೊಟ್ಟೆಗೂ ಒಳ್ಳೆಯದಾಗಲಿಲ್ಲ.

ಸೆಜ್ವಾನ್ ಹೆಸರಿನ ಬಾಟಲಿಗಳ ಬಗ್ಗೆ ನನಗೂ ಸಿಟ್ಟಿದೆ. ಚೀನಾದ ಸಿಚುವಾನ್ ಪ್ರಾಂತದ ಅಡುಗೆಯ ಜೀವವೇ ನಾಲಿಗೆಯನ್ನು ಜುಮ್ಮೆನ್ನಿಸುವ ಒಂದು ಪುಟ್ಟ ಕಾಯಿ. ನಮ್ಮ ಬೀದಿಯ ಸೆಜ್ವಾನ್‌ನಲ್ಲಿ ಸಾಮಾನ್ಯವಾಗಿ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಇರುತ್ತದೆ. ಆದರೆ ಪರಿಹಾರಕ್ಕೆ ಚೀನಾದಿಂದ ಪೊಟ್ಟಣ ತರಿಸಬೇಕಿಲ್ಲ. ಆ ಗಿಡದ ಹತ್ತಿರದ ನೆಂಟ ನಮ್ಮ ಘಟ್ಟದಲ್ಲೇ ಬೆಳೆಯುತ್ತದೆ. ಮಲೆನಾಡಿನವರ ಜುಮ್ಮನಕಾಯಿ, ಕೊಂಕಣಿ ಮನೆಗಳ ತೆಪ್ಪಲ್. ಬಂಗುಡೆ ಸಾರಿಗೆ ಅದನ್ನು ಜಜ್ಜಿ ಹಾಕುತ್ತಾರೆ. ಸಿಚುವಾನ್ ಅಡುಗೆಯಲ್ಲಿ ಜುಮ್ಮೆನ್ನುವುದು ಯಾಕೆ ಮುಖ್ಯ ಎಂದು ಅರ್ಥ ಮಾಡಿಕೊಂಡವಳು ಹುರುಳಿಕಾಯಿಯನ್ನು ಜೋರು ಉರಿಯಲ್ಲಿ ಸುಕ್ಕಾಗುವ ತನಕ ಬಾಡಿಸಿ, ಒಣಮೆಣಸಿನಕಾಯಿಯ ಜೊತೆ ನಾಲ್ಕು ಜುಮ್ಮನಕಾಯಿ ಸಿಪ್ಪೆ ಹಾಕಿದರೆ, ಯಾವ ಬಾಟಲಿಗಿಂತಲೂ ಸಿಚುವಾನ್‌ಗೆ ಹತ್ತಿರ ಹೋಗುತ್ತಾಳೆ. ನಾನು ಹೇಳಬೇಕೆಂದಿರುವುದು ಇದನ್ನೇ. ಬೇರೆಯವರ ಅಡುಗೆಗೆ ಗೌರವ ತೋರಿಸುವುದು ಎಂದರೆ ಅದರ ಕ್ರಮವನ್ನು ಕಲಿಯುವುದು, ಆ ಕ್ರಮಕ್ಕೆ ಕಾರಣವೇನು ಎಂದು ಕೇಳುವುದು, ಯಾರಿಂದ ಕಲಿತೆವು ಎಂದು ಹೇಳುವುದು. ಸಾಮಾನಿನ ಪಟ್ಟಿ ಆಮೇಲಿನದು.

ಕ್ರಮ ಎಂದರೆ ಏನೆಂದು ಗ್ರೀಕರ ಜಾಜಿಕಿಯಿಂದ ಹೇಳುತ್ತೇನೆ. ಮೊಸರು, ಸೌತೆಕಾಯಿ, ಬೆಳ್ಳುಳ್ಳಿ, ಎಣ್ಣೆ. ನೋಡಲು ನಮ್ಮ ಮೊಸರುಬಜ್ಜಿ. ವ್ಯತ್ಯಾಸವೆಲ್ಲ ನೀರಿನಲ್ಲಿದೆ. ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ ಎರಡು ಮೂರು ಗಂಟೆ ತೂಗುಹಾಕಬೇಕು. ತುರಿದ ಸೌತೆಕಾಯಿಗೆ ಉಪ್ಪು ಬೆರೆಸಿ ಕಾಲು ಗಂಟೆ ಬಿಟ್ಟು, ಮುಷ್ಟಿಯಲ್ಲಿ ಹಿಂಡಿ ಹಿಂಡಿ ನೀರು ತೆಗೆಯಬೇಕು. ಬೆಳ್ಳುಳ್ಳಿಯನ್ನು ಉಪ್ಪಿನ ಜೊತೆ ನುಣ್ಣಗೆ ಅರೆಯಬೇಕು. ಇಷ್ಟು ಮಾಡಿದರೆ ಚಪಾತಿಯಲ್ಲಿ ಎತ್ತಿದರೂ ಸುರಿಯದಷ್ಟು ಗಟ್ಟಿಯಾಗುತ್ತದೆ. ಇದನ್ನು ಮಾಡದೆ ಗ್ರೀಸಿನಿಂದ ತರಿಸಿದ ಆಲಿವ್ ಎಣ್ಣೆಯನ್ನು ಎಷ್ಟು ಸುರಿದರೂ ಅದು ನೀರು ಬಿಟ್ಟ ಮೊಸರೇ. ಇನ್ನು ಗ್ರೀಕರು ಅದಕ್ಕೆ ಹಾಕುವ ಸೊಪ್ಪು? ಸಬ್ಬಸಿಗೆ. ನಮ್ಮ ಅಕ್ಕಿರೊಟ್ಟಿಗೆ ಹೆಚ್ಚಿ ಹಾಕುವ ಅದೇ ಸಬ್ಬಸಿಗೆ, ಪ್ರತಿ ಸಂತೆಯಲ್ಲೂ ಕಂತೆ ಕಂತೆಯಾಗಿ ಸಿಗುವುದು. ದುಬಾರಿ ಅಂಗಡಿಯಲ್ಲಿ ಇಂಗ್ಲಿಷ್ ಹೆಸರಿನ ಪೊಟ್ಟಣದಲ್ಲಿ ಒಣಗಿಸಿ ಮಾರುವುದನ್ನು ಕೊಂಡವರು ತಾಜಾ ರುಚಿಯಿಂದ ದೂರವೇ ಹೋದರು.

ಕಿಮ್ಚಿಯೂ ಹಾಗೇ. ಎಲೆಕೋಸನ್ನು ಉಪ್ಪಿನಲ್ಲಿ ಬಾಡಿಸಿ, ತೊಳೆದು, ನೀರು ಬಸಿದು, ಬೆಳ್ಳುಳ್ಳಿ, ಶುಂಠಿ, ಮೆಣಸಿನಪುಡಿ ಸವರಿ ಭರಣಿಗೆ ತುಂಬುವುದು. ಕೊರಿಯಾದವರ ಮೆಣಸಿನಪುಡಿ ಬಣ್ಣಕ್ಕೆ ಹೆಚ್ಚು, ಖಾರಕ್ಕೆ ಕಡಿಮೆ. ಬ್ಯಾಡಗಿಯದೂ ಅದೇ ಗುಣ. ತರಿತರಿಯಾಗಿ ಕುಟ್ಟಿಕೊಂಡರೆ ಆಯಿತು. ಹುಳಿ ಬರಿಸುವ ಕೆಲಸ ಕಣ್ಣಿಗೆ ಕಾಣದ ಜೀವಿಗಳದು. ಆ ಜೀವಿಗಳಲ್ಲಿ ಮುಖ್ಯವಾದ ಲ್ಯೂಕೊನಾಸ್ಟಾಕ್ ನಮ್ಮ ಇಡ್ಲಿ ಹಿಟ್ಟನ್ನು ಉಬ್ಬಿಸುವುದರಲ್ಲೂ ಇದೆ. ಹಿಟ್ಟು ಚಳಿಗೆ ತಡವಾಗಿ, ಸೆಕೆಗೆ ಬೇಗ ಹುಳಿ ಬರುತ್ತದೆ ಎಂದು ಗೊತ್ತಿರುವವಳಿಗೆ ಕಿಮ್ಚಿಯ ಅರ್ಧ ಪಾಠ ಆಗಲೇ ಬಂದಿದೆ. ನಮ್ಮ ಬೇಸಿಗೆಯಲ್ಲಿ ಎರಡು ದಿನ ಹೊರಗಿಟ್ಟರೆ ಸಾಕು, ಆಮೇಲೆ ಫ್ರಿಜ್ಜು. ಮೀನಿನ ಸಾಸ್ ಇಲ್ಲದ ಕಿಮ್ಚಿ ಕಿಮ್ಚಿಯೇ ಅಲ್ಲ ಎಂದು ಸಸ್ಯಾಹಾರಿಗಳನ್ನು ಗದರಿಸುವವರು ಕೊರಿಯಾದ ಬೌದ್ಧ ವಿಹಾರಗಳನ್ನು ನೆನೆಯಲಿ. ಅಲ್ಲಿನ ಭಿಕ್ಷುಗಳು ಮೀನನ್ನಷ್ಟೇ ಅಲ್ಲ, ಬೆಳ್ಳುಳ್ಳಿ ಈರುಳ್ಳಿಗಳನ್ನೂ ಬಿಟ್ಟು ಕಿಮ್ಚಿ ಮಾಡುತ್ತಾರೆ. ಅವರಿಗಿಂತ ನಾವು ಹೆಚ್ಚು ಕೊರಿಯನ್ನರೇ?

ಇಟಲಿಯವರೇ ತಮ್ಮ ಬೇಸಿಲ್‌ಗೆ ಕಾನೂನಿನ ರಕ್ಷಣೆ ಪಡೆದಿದ್ದಾರಲ್ಲ ಎಂದು ಒಬ್ಬರು ನನ್ನನ್ನು ಕೇಳಿದರು. ಹೌದು, ಪಡೆದಿದ್ದಾರೆ. ನಮ್ಮ ಬ್ಯಾಡಗಿ ಮೆಣಸಿನಕಾಯಿಗೂ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ, ಅದು ನನಗೆ ಸಂತೋಷ. ಬೇರೆ ಕಡೆಯ ಮೆಣಸಿನಕಾಯಿಗೆ ಬ್ಯಾಡಗಿ ಎಂದು ಚೀಟಿ ಅಂಟಿಸಿ ಮಾರಿದರೆ ಹಾವೇರಿಯ ರೈತನಿಗೆ ಮೋಸ. ಆ ಕಾನೂನು ಮಾರುಕಟ್ಟೆಯ ಚೀಟಿಗೆ ಸಂಬಂಧಿಸಿದ್ದು. ಗುಂಟೂರು ಮೆಣಸಿನಕಾಯಿ ಹಾಕಿ ಮಾಡಿದ್ದು ಸಾರೇ ಅಲ್ಲ ಎಂದು ಅದು ಎಲ್ಲೂ ಹೇಳುವುದಿಲ್ಲ. ಮಾರುವವನ ಮೇಲಿನ ಕಟ್ಟಳೆಯನ್ನು ತಂದು ಮನೆಗೆ ಅಡುಗೆ ಮಾಡುವವಳ ತಲೆಗೆ ಕಟ್ಟುವುದು ಯಾವ ನ್ಯಾಯ?

ಅವಳ ತಲೆಗೇ ಕಟ್ಟುತ್ತಾರೆ ಎಂಬುದು ನನ್ನ ಸಿಟ್ಟಿನ ಬುಡ. ದೊಡ್ಡ ಹೋಟೆಲಿನ ಬಾಣಸಿಗ ಪಾಸ್ತಾಕ್ಕೆ ಕರಿಬೇವು ಹಾಕಿದರೆ ಹೊಸ ಪ್ರಯೋಗ ಎನ್ನುತ್ತಾರೆ, ಫೋಟೊ ಹಾಕುತ್ತಾರೆ, ದುಪ್ಪಟ್ಟು ಬಿಲ್ಲು ಮಾಡುತ್ತಾರೆ. ಅದನ್ನೇ ಮನೆಯಲ್ಲಿ ಮಾಡಿದವಳಿಗೆ ತಿಳಿವಳಿಕೆ ಸಾಲದು ಎನ್ನುತ್ತಾರೆ. ಪೈನ್ ಬೀಜಕ್ಕೆ ಇಲ್ಲಿ ಕಿಲೋಗೆ ಸಾವಿರಾರು ರೂಪಾಯಿ. ಹಡಗಿನಲ್ಲಿ ಬಂದ ಚೀಸ್ ಒಂದು ತುಂಡಿನ ಬೆಲೆಗೆ ಮನೆಯ ಒಂದು ವಾರದ ತರಕಾರಿ ಬರುತ್ತದೆ. ಅಸಲಿಯ ಹಟದಿಂದ ಲಾಭ ಯಾರಿಗೆ ಎಂದು ನೋಡಿದರೆ ಜೆನೋವಾದ ಅಜ್ಜಿ ಅಲ್ಲೆಲ್ಲೂ ಕಾಣುವುದಿಲ್ಲ, ಆಮದು ಮಾಡಿ ಮಾರುವವರು ಕಾಣುತ್ತಾರೆ. ದಿನಕ್ಕೆ ಮೂರು ಹೊತ್ತು ಬೇಯಿಸಿ, ಅದರ ನಡುವೆಯೂ ಮಕ್ಕಳಿಗೆ ಲೋಕದ ಇನ್ನೊಂದು ರುಚಿ ತೋರಿಸಬೇಕೆಂದು ಹೊರಟವಳ ಉತ್ಸಾಹಕ್ಕೆ ನೀರೆರಚುವ ಅಧಿಕಾರ ಯಾರಿಗೂ ಇಲ್ಲ.

ಆ ತರಗತಿಯ ಸಂಜೆ ಬಸ್ ಸ್ಟಾಪಿನಲ್ಲಿ ಆಕೆ ಮತ್ತೆ ಸಿಕ್ಕರು. ಡಬ್ಬಿ ಕೊಡಿ, ನಾನು ತಿನ್ನುತ್ತೇನೆ ಎಂದೆ. ತೆರೆದಾಗ ಮೇಲಿನ ಪದರ ಮಾತ್ರ ಒಂದಿಷ್ಟು ಕಪ್ಪಾಗಿತ್ತು. ಒಳಗೆ ಹಸಿರು ಹಾಗೇ ಇತ್ತು. ಮಿಕ್ಸಿಯ ಬ್ಲೇಡು ಎಲೆಯನ್ನು ಬಿಸಿ ಮಾಡುತ್ತದೆ, ಗಾಳಿ ಸೇರಿಸುತ್ತದೆ, ಬಣ್ಣ ಬೇಗ ಕೆಡುತ್ತದೆ. ಕುಟ್ಟಿದರೆ ಅಷ್ಟಾಗಿ ಕೆಡುವುದಿಲ್ಲ. ಇದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. "ಅತ್ತೆ ಪುದೀನ ಚಟ್ನಿಗೆ ಮಿಕ್ಸಿ ಮುಟ್ಟೋಕೆ ಬಿಡ್ತಿರಲಿಲ್ಲ ಕಣ್ರೀ" ಎಂದರು. ಎರಡು ದಿನದ ತರಗತಿಯಲ್ಲಿ ನಮಗೆ ಯಾರೂ ಹೇಳಿಕೊಡದ ಪಾಠ ಅದು. ಎಲೆಯನ್ನು ಕುಟ್ಟುವ ಮುಂಚೆ ಎರಡು ಕ್ಷಣ ಕುದಿನೀರಿಗೆ ಅದ್ದಿ ಕೂಡಲೇ ತಣ್ಣೀರಿಗೆ ಹಾಕಿದರೆ ಮೇಲಿನ ಪದರವೂ ಕಪ್ಪಾಗದು ಎಂದು ನನಗೆ ಗೊತ್ತಿದ್ದದ್ದನ್ನು ನಾನೂ ಹೇಳಿದೆ. ರಾತ್ತೊ ಅವರ 1863ರ ಪುಸ್ತಕದ ಬಗ್ಗೆ ಹೇಳಿದೆ, ಬೇಸಿಲ್ ಸಿಗದಿದ್ದರೆ ಬೇರೆ ಸೊಪ್ಪು ಹಾಕಿ ಎಂದು ಅದರಲ್ಲಿರುವುದನ್ನು ಹೇಳಿದೆ. ಅವರ ಬಸ್ಸು ಬಂತು. ಮುಚ್ಚಳ ಹಾಕುತ್ತ, "ಹಾಗಾದ್ರೆ ನಾಳೆ ಮಕ್ಕಳಿಗೆ ಪೆಸ್ಟೊ ಅಂತಲೇ ಬಡಿಸ್ತೀನಿ" ಎಂದು ಹತ್ತಿಕೊಂಡರು.